‘ಬಾಣಂತಿ ಸನ್ನಿ’: ಒಂದು ಹೆಸರಿನ ಚರಿತ್ರೆ

ಹಾಸನ ಸೀಮೆಯೂ ಸೇರಿದಂತೆ ಕನ್ನಡ ನಾಡಿನಲ್ಲಿ, ಹೆರಿಗೆಯ ತರುವಾಯ ತಾಯಿಗೆ ಒದಗುವ ಜ್ವರ, ಬಡಬಡಿಕೆ, ಸೆಳವುಗಳನ್ನು ಜನರು ‘ಬಾಣಂತಿ ಸನ್ನಿ’ ಎಂಬ ಒಂದೇ ಹೆಸರಿನಿಂದ ಕರೆದರು. ವೈದ್ಯಶಾಸ್ತ್ರವು ಈ ಹೆಸರಿನೊಳಗೆ ಅಡಗಿದ್ದ ವ್ಯಾಧಿಗಳನ್ನು ಕ್ರಮೇಣ ಬೇರ್ಪಡಿಸಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟುವುದನ್ನು ವಿಸ್ತಾರವಾಗಿ ಅಭ್ಯಸಿಸಿದರು. ಕತ್ತಿನ ಅಪಧಮನಿಯ ಒಳಪದರವು ಸೀಳಿ, ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಸಾಗಿ ಪಾರ್ಶ್ವವಾಯುವನ್ನು ತರುವುದು ಬೇರೊಂದು ಬಗೆ. ಪ್ರಸವಾನಂತರದ ಇಂತಹ ಪ್ರಸಂಗಗಳನ್ನು ವೀಬರ್ಸ್ ಮತ್ತು ಮೋಕ್ರಿ 1985ರಲ್ಲಿ ವರದಿಮಾಡಿದರು. ಇದು ವಿರಳವಾದುದು, ಆದರೆ ಹೊಸದಾಗಿ ತೋರುವ ಕತ್ತುನೋವು, ತಲೆನೋವುಗಳೇ ಹಲವು ವೇಳೆ ಇದರ ಮುನ್ಸೂಚನೆ. ಹಿಂದಿನ ಬಾಣಂತಿ ಮರಣಗಳಲ್ಲಿ ಇದರ ಪಾಲೆಷ್ಟೆಂಬುದನ್ನು ಚರಿತ್ರಕಾರನು ಹೇಳಲಾರನು. ಬಾಣಂತಿಯ ಕತ್ತುನೋವನ್ನು ಇಂದಿನವರು ಮಾತ್ರ ಕಡೆಗಣಿಸಲಾಗದು.