ವಕೀಲರು ಜಾಹೀರಾತು ನೀಡಬಹುದೇ? ನಿಯಮ 36 ಹೇಳುವುದೇನು

ಸೋಪಿನಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲಕ್ಕೂ ಜಾಹೀರಾತು ಇರುವ ನಗರಗಳಲ್ಲಿ ವಕೀಲರು ಮಾತ್ರ ತಮ್ಮ ಸೇವೆಯನ್ನು ಹಾಗೆ ಸಾರುವಂತಿಲ್ಲ. 1961ರ ವಕೀಲರ ಕಾಯ್ದೆಯ 49ನೇ ಕಲಮಿನ ಅಧಿಕಾರದಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ವೃತ್ತಿ ನಡವಳಿಕೆಯ ನಿಯಮಗಳ ಪೈಕಿ 36ನೆಯದು ಇದನ್ನು ನಿಷೇಧಿಸುತ್ತದೆ.

ನಿಷೇಧದ ವ್ಯಾಪ್ತಿ ದೊಡ್ಡದು. ಸುತ್ತೋಲೆ, ಜಾಹೀರಾತು, ದಲ್ಲಾಳಿ ಅಥವಾ ಖಾಸಗಿ ಪತ್ರಗಳ ಮೂಲಕ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸ ಕೇಳುವಂತಿಲ್ಲ. ಪರಿಚಯವಿಲ್ಲದವರನ್ನು ಅರಸಿ ಹೋಗಿ ಭೇಟಿಯಾಗುವಂತಿಲ್ಲ. ತಾವು ನಡೆಸುತ್ತಿರುವ ಪ್ರಕರಣದ ಸಂಬಂಧ ಪತ್ರಿಕೆಗಳಲ್ಲಿ ಟಿಪ್ಪಣಿ ಬರೆಸುವುದು, ಭಾವಚಿತ್ರ ಹಾಕಿಸಿಕೊಳ್ಳುವುದು ಕೂಡ ತಪ್ಪು. ನಾಮಫಲಕ ಸಾಧಾರಣ ಗಾತ್ರದ್ದಾಗಿರಬೇಕು. ಅದರಲ್ಲಿ ಮಾಜಿ ನ್ಯಾಯಾಧೀಶ, ಮಾಜಿ ಅಡ್ವೊಕೇಟ್ ಜನರಲ್, ವಕೀಲರ ಸಂಘದ ಅಧ್ಯಕ್ಷ ಎಂದು ಬರೆಯುವಂತಿಲ್ಲ, ಇಂಥ ವಿಷಯದಲ್ಲಿ ಪರಿಣತ ಎಂದೂ ಹೇಳಿಕೊಳ್ಳುವಂತಿಲ್ಲ. ಹಬ್ಬದ ಶುಭಾಶಯದ ಫ್ಲೆಕ್ಸ್‌ಗಳಲ್ಲಿ ಹೆಸರಿನ ಮುಂದೆ ವೃತ್ತಿಯನ್ನು ದಪ್ಪಕ್ಷರದಲ್ಲಿ ಬರೆಸಿಕೊಳ್ಳುವವರು ಈ ನಿಯಮವನ್ನು ಒಮ್ಮೆ ಓದುವುದು ಒಳಿತು.

ಈ ಬಿಗಿ ಹೊಸತಲ್ಲ. ತನ್ನ ಹೆಸರು, ವಿಳಾಸಗಳಿದ್ದ ಅಂಚೆ ಕಾರ್ಡುಗಳನ್ನು ಹಂಚಿದ ವಕೀಲರೊಬ್ಬರ ನಡತೆಯನ್ನು 1929ರಲ್ಲಿಯೇ ಬಾಂಬೆ ಹೈಕೋರ್ಟ್ ಅನುಚಿತವೆಂದಿತ್ತು. 1970ರ ದಶಕದಲ್ಲಿ ಅದೇ ನಗರದ ಕ್ರಿಮಿನಲ್ ನ್ಯಾಯಾಲಯದ ಬಾಗಿಲಲ್ಲಿ ಕಕ್ಷಿದಾರರನ್ನು ಕೈಹಿಡಿದು ಎಳೆದಾಡಿದ ವಕೀಲರ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ನಿಯಮವನ್ನು ಸಂಕುಚಿತವಾಗಿ ಅರ್ಥೈಸಿ ಅಂಥವರನ್ನು ಬಿಟ್ಟುಬಿಡಲು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಪ್ಪಲಿಲ್ಲ. ವಕೀಲಿ ವೃತ್ತಿ ವ್ಯಾಪಾರವಲ್ಲ ಎಂಬುದೇ ಅವರ ತೀರ್ಪಿನ ತಿರುಳು.

ಬದಲಾವಣೆ ಬಂದದ್ದು 2008ರಲ್ಲಿ. ನಿಷೇಧವನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿದ್ದಾಗ ಪರಿಷತ್ತು ನಿಯಮಕ್ಕೆ ತಿದ್ದುಪಡಿ ತಂದು, ವೆಬ್‌ಸೈಟ್‌ನಲ್ಲಿ ಕೆಲವು ವಿವರಗಳಿಗೆ ಅವಕಾಶ ನೀಡಿತು. ಹೆಸರು, ವಿಳಾಸ, ದೂರವಾಣಿ, ಇ-ಮೇಲ್, ಸನ್ನದಿನ ಸಂಖ್ಯೆ ಮತ್ತು ದಿನಾಂಕ, ಸದಸ್ಯತ್ವವಿರುವ ವಕೀಲರ ಸಂಘ, ವಿದ್ಯಾರ್ಹತೆ ಹಾಗೂ ವಕಾಲತ್ತು ನಡೆಸುವ ಕ್ಷೇತ್ರಗಳಷ್ಟೇ ಅದರಲ್ಲಿ ಇರಬಹುದು. ನಾಮಫಲಕದಲ್ಲಿ ಹೇಳಬಾರದ ಪರಿಣತಿಗೆ ಬಹು ಸಮೀಪದ ಮಾಹಿತಿ ವೆಬ್‌ಸೈಟ್‌ನಲ್ಲಿ ಸಲ್ಲುತ್ತದೆಂಬುದು ವಿಚಿತ್ರವೇ ಸರಿ. ಕಾನೂನು ಸಂಸ್ಥೆಗಳ ತಾಣ ತೆರೆದೊಡನೆ 'ನಾನು ಸ್ವಇಚ್ಛೆಯಿಂದ ಮಾಹಿತಿ ಬಯಸಿದ್ದೇನೆ' ಎಂಬರ್ಥದ ಸೂಚನೆಗೆ ಒಪ್ಪಿಗೆ ಕೇಳುವುದು ಈ ನಿಯಮದ ಭಯದಿಂದಲೇ.

2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ಸೇವಾತಾಣಗಳ ಮೂಲಕ ಕೆಲಸ ಹುಡುಕುವ ವಕೀಲರ ವಿರುದ್ಧ ಶಿಸ್ತುಕ್ರಮ ಜರುಗಿಸುವಂತೆ ರಾಜ್ಯ ಪರಿಷತ್ತುಗಳಿಗೆ ಸೂಚಿಸಲು ಭಾರತೀಯ ಪರಿಷತ್ತಿಗೆ ನಿರ್ದೇಶಿಸಿತು. 2025ರ ಮಾರ್ಚ್‌ನಲ್ಲಿ ಪರಿಷತ್ತು ಸಾಮಾಜಿಕ ಜಾಲತಾಣಗಳ ಪ್ರಚಾರ ವಿಡಿಯೊಗಳ ವಿರುದ್ಧವೂ ಎಚ್ಚರಿಕೆ ಹೊರಡಿಸಿತು.

ಟೀಕೆಯೂ ಇದೆ, ಅದು ನಿರಾಧಾರವಲ್ಲ. ವಾಣಿಜ್ಯ ಜಾಹೀರಾತು ಕೂಡ ವಾಕ್ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಟಾಟಾ ಪ್ರೆಸ್ ಪ್ರಕರಣದಲ್ಲಿ ಹೇಳಿದೆ. ಅಮೆರಿಕದಲ್ಲಿ 1977ರ ಬೇಟ್ಸ್ ತೀರ್ಪಿನ ನಂತರ ವಕೀಲರ ಜಾಹೀರಾತಿಗೆ ಹಾದಿ ತೆರೆಯಿತು. ತಂದೆಯೋ ಮಾವನೋ ಹಿರಿಯ ವಕೀಲರಾಗಿದ್ದರೆ ಕಿರಿಯರಿಗೆ ಜಾಹೀರಾತು ಬೇಕಿಲ್ಲ. ಹಳ್ಳಿಯಿಂದ ಬಂದ ಮೊದಲ ತಲೆಮಾರಿನವರಿಗೆ ಪರಿಚಯವೇ ಬಂಡವಾಳ, ಅದು ಅವರಲ್ಲಿಲ್ಲ. ಮೊದಲ ಬಾರಿಗೆ ಕೋರ್ಟು ಮೆಟ್ಟಿಲೇರುವ ಕಕ್ಷಿದಾರನೂ ಮಾಹಿತಿ ಸಿಗದೆ ದಲ್ಲಾಳಿಯ ಕೈಗೆ ಬೀಳುವುದುಂಟು. ದಲ್ಲಾಳಿಗಳ ಪಟ್ಟಿ ಪ್ರಕಟಿಸುವ ಅಧಿಕಾರವನ್ನು 2023ರ ತಿದ್ದುಪಡಿ ಕಾಯ್ದೆ ಹೈಕೋರ್ಟ್ ಹಾಗೂ ಜಿಲ್ಲಾ ನ್ಯಾಯಾಧೀಶರಿಗೆ ನೀಡಿದೆ.

ನಿಯಮ ಉಲ್ಲಂಘನೆ ಕಂಡರೆ ಸಂಬಂಧಿಸಿದ ರಾಜ್ಯ ಪರಿಷತ್ತಿಗೆ, ಇಲ್ಲಿಯವರ ವಿಷಯದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ದೂರು ಸಲ್ಲಿಸಬಹುದು. 35ನೇ ಕಲಮಿನಡಿ ಶಿಸ್ತು ಸಮಿತಿ ವಾಗ್ದಂಡನೆ ನೀಡಬಹುದು, ನಿಗದಿತ ಅವಧಿಗೆ ಅಮಾನತು ಮಾಡಬಹುದು ಅಥವಾ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಆದೇಶದ ವಿರುದ್ಧ 60 ದಿನಗಳೊಳಗೆ ಭಾರತೀಯ ಪರಿಷತ್ತಿಗೆ, ಅನಂತರ ಸುಪ್ರೀಂ ಕೋರ್ಟಿಗೆ ಮೇಲ್ಮನವಿಗೆ ಅವಕಾಶವಿದೆ.