ಜೀಪಿಗೆ ಎರಡನೇ ಬ್ಯಾಟರಿ: ಪ್ಲಸ್‌ಗೆ ಪ್ಲಸ್ ಕೊಟ್ಟರೆ ಸಾಕೇ?

‘ಹಳೇ ಇನ್ವರ್ಟರ್ ಬ್ಯಾಟರಿ ಗುಜರಿಗೆ ಹಾಕಬೇಡಿ. ಜೀಪಿನ ಹಿಂದೆ ಇಟ್ಟು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಡಿ. ರಾತ್ರಿಯಿಡೀ ಲೈಟು, ಫ್ರಿಡ್ಜು ಓಡಿಸಿ. ಬೆಳಗ್ಗೆ ಒಂದೇ ಸೆಲ್ಫಿಗೆ ಗಾಡಿ ಸ್ಟಾರ್ಟ್!’ ಇಂಥದ್ದೊಂದು ಸಂದೇಶ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಬಂದಿತ್ತು. ಓದಿ ಬಿಟ್ಟವರೇ ಹೆಚ್ಚು. ಬೆಳ್ಳಾವಿಯ ಚಿಕ್ಕಪ್ಪ ಮಾತ್ರ ಮಾಡಿಯೇ ನೋಡಿದರು.

ಅವರಿಗೆ ಕಾರಣವೂ ಇತ್ತು. ತೋಟಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಡುವ ಸರದಿ ಬಂದಾಗ ಅವರು ಹಳೆಯ ಫೋರ್ ವೀಲ್ ಜೀಪಿನಲ್ಲಿ ಹೋಗಿ ಕಾಯುತ್ತಾರೆ. ಜೀಪಿನ ಮೇಲಿನ ಎರಡು ದೊಡ್ಡ ಎಲ್‌ಇಡಿ ದೀಪ ಉರಿಯುತ್ತಿರುತ್ತವೆ. ಮೋಟಾರ್ ಹಾಕಿ, ನೀರು ತಿರುಗಿಸಿ ಬರುವಷ್ಟರಲ್ಲಿ ಬ್ಯಾಟರಿ ಡೌನ್. ಮಣ್ಣಿನ ದಾರಿಯಲ್ಲಿ ಜೀಪು ತಳ್ಳಲು ರಾತ್ರಿ ಎರಡು ಗಂಟೆಗೆ ಯಾರು ಸಿಗುತ್ತಾರೆ?

ಮೆಸೇಜಿನಂತೆ ಜೋಡಿಸಿದ ಮೊದಲ ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೊಂದು ರಾತ್ರಿ ಎರಡೂ ಬ್ಯಾಟರಿ ಒಟ್ಟಿಗೇ ಸತ್ತವು. ಬೆಳಗ್ಗೆ ಸೀಟು ಎತ್ತಿ ನೋಡಿದರೆ ಹಿಂದಿನ ಬ್ಯಾಟರಿಗೆ ಎಳೆದಿದ್ದ ವೈರಿನ ಪ್ಲಾಸ್ಟಿಕ್ ಕರಗಿ ತಗಡಿಗೆ ಅಂಟಿಕೊಂಡಿತ್ತು. ಅದರ ಪಕ್ಕದಲ್ಲೇ ಡೀಸೆಲ್ ಪೈಪು.

ಹಾಗಾದರೆ ಆ ಸಂದೇಶ ಸುಳ್ಳೇ? ಗಾಡಿಗೆ ಎರಡನೇ ಬ್ಯಾಟರಿ ಹಾಕಬಹುದು ಎಂಬುದು ನಿಜ. ಆಂಬುಲೆನ್ಸ್, ಕ್ಯಾಂಪರ್ ವ್ಯಾನ್, ಕಾಡುದಾರಿಯಲ್ಲಿ ಓಡುವ ಥಾರ್, ಜಿಪ್ಸಿಗಳಲ್ಲಿ ಇದನ್ನು ಮಾಡುತ್ತಾರೆ. ಎರಡನ್ನೂ ನೇರವಾಗಿ, ಕಾಯಂ ಆಗಿ ಸೇರಿಸಿ ಬಿಡಬಹುದು ಎಂಬುದು ತಪ್ಪು.

ನೇರ ಜೋಡಿಸಿದರೆ ಏನಾಗುತ್ತದೆ?

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟಾಗ ಎರಡು ಬ್ಯಾಟರಿಗಳು ಒಂದೇ ದೊಡ್ಡ ಬ್ಯಾಟರಿಯಂತಾಗುತ್ತವೆ. ದೀಪ ಎರಡರಿಂದಲೂ ಕರೆಂಟ್ ಎಳೆಯುತ್ತದೆ. ಒಂದು ಖಾಲಿಯಾದಾಗ ಇನ್ನೊಂದೂ ಖಾಲಿ. ಸೆಲ್ಫ್ ಹೊಡೆಯಲು ಅಂತ ಬೇರೆಯಾಗಿ ಏನೂ ಉಳಿದಿರುವುದಿಲ್ಲ. ಎರಡನೇ ಬ್ಯಾಟರಿ ಹಾಕುವ ಉದ್ದೇಶವೇ ಇಲ್ಲಿಗೆ ಮುಗಿಯಿತು.

ಹಳೆಯ ಬ್ಯಾಟರಿಯಾದರೆ ಇನ್ನೂ ಕಷ್ಟ. 12 ವೋಲ್ಟ್ ಲೆಡ್ ಆ್ಯಸಿಡ್ ಬ್ಯಾಟರಿಯೊಳಗೆ ಸುಮಾರು 2 ವೋಲ್ಟಿನ ಆರು ಸೆಲ್‌ಗಳಿರುತ್ತವೆ. ಹಳೆಯದರಲ್ಲಿ ಒಂದು ಸೆಲ್ ಶಾರ್ಟ್ ಆದರೆ ಅದು ಹತ್ತೂವರೆ ವೋಲ್ಟಿನ ಬ್ಯಾಟರಿಯಾಗುತ್ತದೆ. ಆಗ ಮುಂದಿನ ಒಳ್ಳೆಯ ಬ್ಯಾಟರಿ ತನ್ನ ಕರೆಂಟನ್ನೆಲ್ಲ ಅದಕ್ಕೆ ಸುರಿಯುತ್ತದೆ. ಉಳಿದ ಐದು ಸೆಲ್‌ಗಳು ಮಿತಿಮೀರಿ ಚಾರ್ಜ್ ಆಗಿ ಕಾಯುತ್ತವೆ, ಹೈಡ್ರೋಜನ್ ಅನಿಲ ಬಿಡುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇ 4ರಷ್ಟಾದರೆ ಒಂದು ಕಿಡಿ ಸಾಕು. ಬಾನೆಟ್ ಕೆಳಗಾದರೆ ಅನಿಲ ಹೊರಗೆ ಹೋಗುತ್ತದೆ. ಗಾಜು ಏರಿಸಿದ ಗಾಡಿಯ ಒಳಗೆ ಹೋಗುವುದಿಲ್ಲ.

ಇನ್ವರ್ಟರ್‌ನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ 50 ಕೆಜಿಗೂ ಹೆಚ್ಚು ತೂಗುತ್ತದೆ. ಅದನ್ನು ಮಾಡಿರುವುದು ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರಲು. ಹಳ್ಳ ದಿಣ್ಣೆಯಲ್ಲಿ ಕುಲುಕಿದರೆ ಆ್ಯಸಿಡ್ ಚೆಲ್ಲುತ್ತದೆ. ಗಾಡಿ ಮಗುಚಿದರೆ ಆ 50 ಕೆಜಿ ಎಲ್ಲಿಗೆ ಹಾರುತ್ತದೆ ಎಂದು ಯೋಚಿಸಿ.

ಬ್ಯಾಟರಿ ಬ್ಯಾಟರಿಗೂ ವ್ಯತ್ಯಾಸವಿದೆಯೇ?

ಇದೆ. ಗಾಡಿಯ ಬ್ಯಾಟರಿಯ ಒಳಗಿನ ಸೀಸದ ಪ್ಲೇಟುಗಳು ತೆಳ್ಳಗಿರುತ್ತವೆ. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಎಂಜಿನ್ ತಿರುಗಿಸುವುದು ಅದರ ಕೆಲಸ. ಅದನ್ನು ಪದೇಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ದೀಪ, ಫ್ರಿಡ್ಜಿಗೆ ಬೇಕಾದದ್ದು ‘ಡೀಪ್ ಸೈಕಲ್’ ಬ್ಯಾಟರಿ. ಪ್ಲೇಟು ದಪ್ಪ, ನಿಧಾನವಾಗಿ ಗಂಟೆಗಟ್ಟಲೆ ಕೊಡುತ್ತದೆ. ಗಾಡಿಯ ಒಳಗೆ ಇಡುವುದಾದರೆ ಆ್ಯಸಿಡ್ ಚೆಲ್ಲದ, ಮುಚ್ಚಿದ ಎಜಿಎಂ ಬ್ಯಾಟರಿ ಅಥವಾ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆಗಬೇಕು.

ಎಂಜಿನ್ ನಿಂತಾಗ ಬೇರೆಯಾಗಬೇಕು

ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಆಲ್ಟರ್ನೇಟರ್‌ನಿಂದ (ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೈನಮೋ) ಚಾರ್ಜ್ ಆಗಬೇಕು. ಎಂಜಿನ್ ನಿಂತೊಡನೆ ಅವುಗಳ ನಡುವಿನ ಸಂಪರ್ಕ ಕಡಿಯಬೇಕು.

ಅಗ್ಗದ ದಾರಿ ಕೈಯಿಂದ ತಿರುಗಿಸುವ ಸ್ವಿಚ್. ಆದರೆ ರಾತ್ರಿ ನಿದ್ದೆಗಣ್ಣಲ್ಲಿ ಮರೆತರೆ ಕಥೆ ಮತ್ತೆ ಅದೇ. ಹಿಂದೆ ಡಯೋಡ್ ಹಾಕುತ್ತಿದ್ದರು. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟ್ ನುಂಗಿಬಿಡುವುದರಿಂದ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಹಳೆಯ ಜೀಪು, ಬೊಲೆರೊಗಳಿಗೆ ಒಗ್ಗುವುದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಅಂಗಡಿಯಲ್ಲಿ ವಿಎಸ್‌ಆರ್ ಎಂದು ಕೇಳಿ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6–12.7 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ 13.8ರಿಂದ 14.4ರವರೆಗೆ ಕೊಡುತ್ತದೆ. ಈ ರಿಲೇ ಸಾಮಾನ್ಯವಾಗಿ 13.3ರ ಸುಮಾರಿಗೆ ಎರಡನ್ನೂ ಸೇರಿಸಿ, 12.8ಕ್ಕೆ ಇಳಿದಾಗ ಬಿಡಿಸುತ್ತದೆ. ನೀವು ಏನೂ ನೆನಪಿಡಬೇಕಿಲ್ಲ.

ಹೊಸ ಗಾಡಿಗಳಲ್ಲಿ ಇದು ಕೈಕೊಡಬಹುದು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲಿನ ಅನೇಕ ಮಾದರಿಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರ್‌ನ ವೋಲ್ಟೇಜನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತದೆ. ಎಂಜಿನ್ ಓಡುತ್ತಿದ್ದರೂ ವೋಲ್ಟೇಜ್ 12.8ಕ್ಕಿಂತ ಕೆಳಗಿಳಿದರೆ ರಿಲೇ ಬಿಟ್ಟುಕೊಂಡುಬಿಡುತ್ತದೆ. ಇಂಥ ಗಾಡಿಗೆ ಡಿಸಿ-ಡಿಸಿ ಚಾರ್ಜರ್ ಬೇಕು. ಬರುವ ವೋಲ್ಟೇಜ್ ಎಷ್ಟೇ ಇರಲಿ, ಅದನ್ನು ಎರಡನೇ ಬ್ಯಾಟರಿಗೆ ಹೊಂದುವಂತೆ ಬದಲಾಯಿಸಿ, ಅಳತೆಯಾಗಿ ಕೊಡುತ್ತದೆ. ಲಿಥಿಯಂ ಬ್ಯಾಟರಿಗಂತೂ ಗಾಡಿ ಹಳೆಯದಿರಲಿ ಹೊಸದಿರಲಿ ಇದನ್ನೇ ಹಾಕಿ. ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ನೇರ ಕೊಟ್ಟರೆ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು.

ಚಿಕ್ಕಪ್ಪನ ವೈರು ಕರಗಿದ್ದೇಕೆ?

ಅವರು ಹಾಕಿದ್ದು ಮನೆ ವೈರಿಂಗ್‌ನಲ್ಲಿ ಉಳಿದಿದ್ದ 2.5 ಚದರ ಮಿಲಿಮೀಟರ್ ತಾಮ್ರದ ವೈರು. ಮನೆಯಲ್ಲಿ ಹೀಟರ್‌ಗೇ ಸಾಕಾಗುತ್ತದೆ, 12 ವೋಲ್ಟಿಗೆ ಸಾಲದೇ ಎಂದು ಅವರ ಲೆಕ್ಕ. ಬಹಳ ಜನರ ಲೆಕ್ಕವೂ ಇದೇ. ಆದರೆ ವೈರನ್ನು ಕಾಯಿಸುವುದು ವೋಲ್ಟಲ್ಲ, ಆಂಪಿಯರ್. 230 ವೋಲ್ಟಿನಲ್ಲಿ 360 ವ್ಯಾಟ್ ಎಂದರೆ ಒಂದೂವರೆ ಆಂಪಿಯರ್. 12 ವೋಲ್ಟಿನಲ್ಲಿ ಅದೇ 360 ವ್ಯಾಟಿಗೆ 30 ಆಂಪಿಯರ್ ಬೇಕು.

ಮುಂದಿನಿಂದ ಹಿಂದಕ್ಕೆ 5 ಮೀಟರ್, ವಾಪಸ್ 5 ಮೀಟರ್ ವೈರು ಎಂದುಕೊಳ್ಳಿ. 30 ಆಂಪಿಯರ್ ಹರಿದರೆ 2.5ರ ವೈರಿನಲ್ಲೇ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. 14 ವೋಲ್ಟ್ ಹೊರಟರೆ 12 ತಲುಪುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ಕಳೆದುಹೋದ 60 ವ್ಯಾಟ್ ವೈರಿನ ಶಾಖವಾಗುತ್ತದೆ. 16 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ನಷ್ಟ 0.3 ವೋಲ್ಟ್ ಅಷ್ಟೇ.

ಅದಕ್ಕಿಂತ ದೊಡ್ಡ ತಪ್ಪೆಂದರೆ ಫ್ಯೂಸ್ ಇರಲಿಲ್ಲ. ಫ್ಯೂಸ್ ಇಲ್ಲದ ಪ್ಲಸ್ ವೈರು ಕುಲುಕಾಟದಲ್ಲಿ ಚಾಸಿಗೆ ಉಜ್ಜಿ ಸಿಪ್ಪೆ ಹೋದರೆ ಬ್ಯಾಟರಿ ಅದರೊಳಗೆ ನೂರಾರು ಆಂಪಿಯರ್ ನೂಕುತ್ತದೆ. ಆಗ ವೈರು ಕೆಂಡವಾಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಏಕೆಂದರೆ ಈ ವೈರಿಗೂ ಕೀಗೂ ಸಂಬಂಧವೇ ಇಲ್ಲ.

ಫ್ಯೂಸ್ ಒಂದಲ್ಲ, ಎರಡು ಬೇಕು. ಒಂದೊಂದು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಗೇಣಿನೊಳಗೆ ಒಂದೊಂದು. ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ನಡುವೆ ಎಲ್ಲಿ ಶಾರ್ಟ್ ಆದರೂ ಎರಡು ಕಡೆಯಿಂದಲೂ ಕರೆಂಟ್ ನುಗ್ಗುತ್ತದೆ. ಮುಂದಿನ ಫ್ಯೂಸ್ ಹೋದರೂ ಹಿಂದಿನ ಬ್ಯಾಟರಿ ಉರಿಸುತ್ತಲೇ ಇರುತ್ತದೆ. 16ರ ಕೇಬಲ್ಲಿಗೆ 60 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ. ಫ್ಯೂಸ್ ಹೋಗಿದೆಯೆಂದು ತಾಮ್ರದ ಎಳೆ ಸುತ್ತುವ ಅಭ್ಯಾಸ ಇಲ್ಲಿ ಬೇಡ.

ಎರಡನೇ ಬ್ಯಾಟರಿಯಿಂದಲೇ ಸೆಲ್ಫ್ ಹೊಡೆಯಬಹುದೇ? ಈ ಕೇಬಲ್ಲಿನ ಮೂಲಕ ಬೇಡ, ಫ್ಯೂಸ್ ಹೋಗುತ್ತದೆ. ಗಾಡಿಯಲ್ಲಿ ಒಂದು ಜೊತೆ ದಪ್ಪನೆಯ ಜಂಪರ್ ಕೇಬಲ್ ಇಟ್ಟುಕೊಳ್ಳಿ, ಅಗತ್ಯ ಬಿದ್ದಾಗ ಅದರಿಂದ ಕೊಟ್ಟು ಸ್ಟಾರ್ಟ್ ಮಾಡಿ. ಡೀಪ್ ಸೈಕಲ್ ಬ್ಯಾಟರಿಗೆ ಅಪರೂಪಕ್ಕೆ ಹೀಗೆ ಮಾಡಿದರೆ ತೊಂದರೆಯಿಲ್ಲ. ಲಿಥಿಯಂ ಆದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಅಷ್ಟು ಕರೆಂಟಿಗೆ ಒಪ್ಪದೆ ಆಫ್ ಆಗಬಹುದು.

ಎಷ್ಟು ಹೊತ್ತು ಬರುತ್ತದೆ?

ಚಿಕ್ಕಪ್ಪನ ದೀಪಗಳು ಒಟ್ಟು 72 ವ್ಯಾಟ್, ಅಂದರೆ 6 ಆಂಪಿಯರ್. ಆರು ಗಂಟೆ ಉರಿದರೆ 36 ಆಂಪಿಯರ್-ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯಸ್ಸು ಕಡಿಮೆಯಾಗುವುದರಿಂದ 75ರಿಂದ 100ರದ್ದು ಬೇಕು. ಲಿಥಿಯಂ ಆದರೆ 50 ಸಾಕು.

ಖರ್ಚಾದದ್ದನ್ನು ತುಂಬುವ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. 20 ಆಂಪಿಯರ್ ಚಾರ್ಜರ್ ಇದ್ದು ಅರ್ಧ ಗಂಟೆ ಗಾಡಿ ಓಡಿಸಿದರೆ ಸಿಗುವುದು 10 ಆಂಪಿಯರ್-ಅವರ್. 36 ತೆಗೆದು 10 ಹಾಕಿದರೆ ಮೂರನೇ ದಿನಕ್ಕೆ ಬ್ಯಾಟರಿ ಮಲಗುತ್ತದೆ. ಸೋಲಾರ್ ಹಾಕಬಹುದು. ಪಾವಗಡದಲ್ಲಿ 2,050 ಮೆಗಾವ್ಯಾಟ್ ತಯಾರಿಸುವ ಬಿಸಿಲು ನಮ್ಮ ಜಿಲ್ಲೆಯದೇ. ನೂರು ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 25 ಆಂಪಿಯರ್-ಅವರ್ ಕೊಡುತ್ತದೆ. ಆದರೆ ನಾವು ಗಾಡಿ ನಿಲ್ಲಿಸುವುದು ತೆಂಗಿನ ನೆರಳಲ್ಲಿ! ಮನೆಯಲ್ಲಿ ವಾರಕ್ಕೆರಡು ಸಲ ಚಾರ್ಜರ್‌ಗೆ ಹಾಕುವುದು ಹೆಚ್ಚು ನಂಬಿಕೆಯ ದಾರಿ.

ಮಾಡಿಸುವ ಮುನ್ನ

ಗಾಡಿ ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೊರಗೆ ಮಾಡಿಸಿದ ವೈರಿಂಗ್‌ನಿಂದ ಆದ ಹಾನಿಗೆ ವಾರಂಟಿ ಕೊಡುವುದಿಲ್ಲ ಎನ್ನಬಹುದು. ಹೊಸ ಗಾಡಿಗಳ ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಇದ್ದರೆ ಎರಡನೇ ಬ್ಯಾಟರಿಯ ಮೈನಸ್ಸನ್ನು ಆ ಟರ್ಮಿನಲ್‌ಗೆ ಕೊಡದೆ, ಬಣ್ಣ ಕೆರೆದ ಬಾಡಿಗೆ ಅರ್ಥ್ ಕೊಡಿಸಿ. ಇಲ್ಲದಿದ್ದರೆ ಸೆನ್ಸರ್‌ನ ಲೆಕ್ಕ ತಪ್ಪುತ್ತದೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಕೈಯ ಉಂಗುರ, ವಾಚು ತೆಗೆದಿಡಿ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ನಿಲ್ಲಿಸಿ, ಎರಡನೇ ಬ್ಯಾಟರಿಯ ದೀಪ ಹಾಕಿ, ಅರ್ಧ ಗಂಟೆ ಬಿಡಿ. ಆಮೇಲೆ ಎರಡನ್ನೂ ಅಳೆಯಿರಿ. ಹಿಂದಿನದು ಇಳಿದಿದ್ದು, ಮುಂದಿನದು 12.6ರ ಹತ್ತಿರವೇ ನಿಂತಿದ್ದರೆ ಎರಡೂ ಬೇರೆಯಾಗಿವೆ. ಎರಡರಲ್ಲೂ ಒಂದೇ ಅಂಕಿ ಒಟ್ಟಿಗೆ ಇಳಿಯುತ್ತಿದ್ದರೆ, ದುಡ್ಡು ಕೊಡುವ ಮೊದಲು ಮೆಕ್ಯಾನಿಕ್‌ನನ್ನು ಮತ್ತೆ ಕರೆಯಿರಿ.