ವೊಂಕಾನ ಕಾರ್ಖಾನೆ: ಒಂದು ರೀಮೇಕ್ ಮತ್ತು ಪ್ರೇಕ್ಷಕರ ತೀರ್ಪು

ಬ್ರಿಟಿಷ್ ಲೇಖಕ ರೋಆಲ್ಡ್ ಡಾಲ್ ಅವರ ಮಕ್ಕಳ ಕಾದಂಬರಿ 'ಚಾರ್ಲಿ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ' 1964ರಲ್ಲಿ ಅಮೆರಿಕದಲ್ಲಿ, 1967ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿ ಎರಡು ಮುಖ್ಯ ಚಲನಚಿತ್ರಗಳು ಬಂದಿವೆ. ಒಂದು, ಮೆಲ್ ಸ್ಟುವರ್ಟ್ ನಿರ್ದೇಶನದ 1971ರ 'ವಿಲ್ಲಿ ವೊಂಕಾ ಅಂಡ್ ದ ಚಾಕೊಲೇಟ್ ಫ್ಯಾಕ್ಟರಿ'. ಇನ್ನೊಂದು, ಟಿಮ್ ಬರ್ಟನ್ ನಿರ್ದೇಶಿಸಿ 2005ರಲ್ಲಿ ಪುಸ್ತಕದ ಹೆಸರಿನಲ್ಲೇ ತೆರೆಗೆ ತಂದದ್ದು. ಎರಡನೆಯದು ಕಾದಂಬರಿಗೆ ಹೆಚ್ಚು ನಿಷ್ಠವಾಗಿತ್ತು, ಹಣವನ್ನೂ ಹಲವು ಪಟ್ಟು ಹೆಚ್ಚು ಗಳಿಸಿತು. ಆದರೂ ಬಹಳಷ್ಟು ಪ್ರೇಕ್ಷಕರ ಬಾಯಲ್ಲಿ ಅದು ಹಳೆಯದಕ್ಕೆ ಸಾಟಿಯಾಗದ ರೀಮೇಕ್ ಎಂದೇ ಉಳಿಯಿತು. ಹಳೆಯ ಚಿತ್ರವಾದರೋ ತನ್ನ ಕಾಲದಲ್ಲಿ ಗೆದ್ದದ್ದಲ್ಲ, ಮೂಲ ಲೇಖಕರೂ ಅದನ್ನು ಮೆಚ್ಚಿರಲಿಲ್ಲ. ಸೋತ ಚಿತ್ರವೊಂದು ಮೂವತ್ತು ವರ್ಷಗಳಲ್ಲಿ ಇತರ ಚಿತ್ರಗಳನ್ನು ಅಳೆಯುವ ಮಾನದಂಡವಾದದ್ದೇ ಈ ತೀರ್ಪಿನ ಹಿಂದಿನ ಇತಿಹಾಸ.

ಕಥೆ ಸರಳ. ಕಡುಬಡವರ ಮನೆಯ ಹುಡುಗ ಚಾರ್ಲಿ ಬಕೆಟ್. ಅವನ ನಾಲ್ವರು ಅಜ್ಜ-ಅಜ್ಜಿಯರು ಒಂದೇ ಮಂಚದಲ್ಲಿ ಮಲಗಿ ಕಾಲ ಕಳೆಯುತ್ತಾರೆ. ಊರಿನ ನಿಗೂಢ ಚಾಕೊಲೇಟ್ ಕಾರ್ಖಾನೆಯ ಒಡೆಯ ವಿಲ್ಲಿ ವೊಂಕಾ ಐದು ಚಾಕೊಲೇಟುಗಳ ಹೊದಿಕೆಯೊಳಗೆ ಐದು ಚಿನ್ನದ ಟಿಕೆಟ್ ಅಡಗಿಸಿ, ಅವು ಸಿಕ್ಕ ಮಕ್ಕಳಿಗೆ ತನ್ನ ಕಾರ್ಖಾನೆ ತೋರಿಸುವುದಾಗಿ ಸಾರುತ್ತಾನೆ. ಹೊಟ್ಟೆಬಾಕ ಅಗಸ್ಟಸ್, ಹಠಮಾರಿ ವೆರುಕಾ, ಸದಾ ಚೂಯಿಂಗ್ ಗಮ್ ಅಗಿಯುವ ವಯೊಲೆಟ್, ಟಿ.ವಿ. ಬಿಟ್ಟೇಳದ ಮೈಕ್ ಒಬ್ಬೊಬ್ಬರಾಗಿ ತಮ್ಮ ದುರ್ಗುಣಕ್ಕೆ ತಕ್ಕ ಶಿಕ್ಷೆ ಉಣ್ಣುತ್ತಾರೆ. ಕೊನೆಗೆ ಉಳಿದ ಚಾರ್ಲಿಗೆ ಕಾರ್ಖಾನೆಯೇ ಸಿಗುತ್ತದೆ. ತಾವು ರೆಪ್ಟನ್ ಶಾಲೆಯಲ್ಲಿ ಓದುತ್ತಿದ್ದಾಗ ಕ್ಯಾಡ್‌ಬರಿ ಕಂಪನಿಯವರು ಹೊಸ ಚಾಕೊಲೇಟುಗಳನ್ನು ಹುಡುಗರಿಗೆ ಕಳಿಸಿ ರುಚಿ ನೋಡಿಸುತ್ತಿದ್ದರು, ಆ ನೆನಪೇ ಈ ಕಥೆಗೆ ಬೀಜವಾಯಿತು ಎಂದು ಡಾಲ್ ಬರೆದುಕೊಂಡಿದ್ದಾರೆ.

ಮೊದಲ ಚಿತ್ರ ಹುಟ್ಟಿದ್ದು ಮಕ್ಕಳ ಆಸೆ ಮತ್ತು ವ್ಯಾಪಾರದ ಲೆಕ್ಕ ಎರಡೂ ಕೂಡಿಬಂದಾಗ. ಪುಸ್ತಕ ಓದಿದ ಸ್ಟುವರ್ಟ್ ಅವರ ಮಗಳು ಅದನ್ನು ಸಿನಿಮಾ ಮಾಡುವಂತೆ ತಂದೆಯನ್ನು ಕೇಳಿದಳು. ಅದೇ ವೇಳೆಗೆ ನಿರ್ಮಾಪಕ ಡೇವಿಡ್ ವೋಲ್ಪರ್, ಹೊಸ ಚಾಕೊಲೇಟ್ ಬಾರ್ ಮಾರುಕಟ್ಟೆಗೆ ತರಲು ಹೊರಟಿದ್ದ ಕ್ವೇಕರ್ ಓಟ್ಸ್ ಕಂಪನಿಯೊಡನೆ ಮಾತುಕತೆಯಲ್ಲಿದ್ದರು. ಕಂಪನಿ ಸುಮಾರು 30 ಲಕ್ಷ ಡಾಲರ್ ಹೂಡಿತು. ಚಾಕೊಲೇಟಿನ ಪ್ರಚಾರಕ್ಕೆ ಅನುಕೂಲವಾಗಲೆಂದು ಶೀರ್ಷಿಕೆಯಲ್ಲಿ ಚಾರ್ಲಿಯ ಜಾಗಕ್ಕೆ ವೊಂಕಾನ ಹೆಸರು ಬಂತು. 1970ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಚಿತ್ರೀಕರಣ ನಡೆಯಿತು. ವೊಂಕಾ ಆಗಿ ನಟಿಸಿದ ಜೀನ್ ವೈಲ್ಡರ್ ಪಾತ್ರ ಒಪ್ಪಿಕೊಳ್ಳುವಾಗ ಒಂದು ಷರತ್ತು ಹಾಕಿದ್ದರು: ಮೊದಲ ದೃಶ್ಯದಲ್ಲಿ ವೊಂಕಾ ಕೋಲೂರಿ ಕುಂಟುತ್ತ ಬರಬೇಕು, ಮುಗ್ಗರಿಸಿದವನಂತೆ ಬಾಗಿ ಥಟ್ಟನೆ ಲಾಗ ಹಾಕಿ ಎದ್ದು ನಿಲ್ಲಬೇಕು. ಅಲ್ಲಿಂದ ಮುಂದೆ ಅವನ ಮಾತಿನಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಯಾರಿಗೂ ತಿಳಿಯಬಾರದು ಎಂಬುದು ಅವರ ಉದ್ದೇಶ.

ಚಿತ್ರಕಥೆಯ ಗೌರವ ಡಾಲ್ ಅವರ ಹೆಸರಿಗೇ ಇದ್ದರೂ ಅದನ್ನು ಬಹುಮಟ್ಟಿಗೆ ತಿದ್ದಿ ಬರೆದವರು ಡೇವಿಡ್ ಸೆಲ್ಟ್‌ಜರ್. ಪುಸ್ತಕದಲ್ಲಿ ಚಾರ್ಲಿ ಯಾವ ತಪ್ಪನ್ನೂ ಮಾಡುವುದಿಲ್ಲ, ಕೊನೆಯವನಾಗಿ ಉಳಿದದ್ದರಿಂದ ಗೆಲ್ಲುತ್ತಾನೆ. ಚಿತ್ರದಲ್ಲಿ ಅವನೂ ಅಜ್ಜನೂ ಕದ್ದು ಪಾನೀಯ ಕುಡಿದು ನಿಯಮ ಮುರಿಯುತ್ತಾರೆ. ಆಮೇಲೆ ಚಾರ್ಲಿ ವೊಂಕಾ ಕೊಟ್ಟಿದ್ದ ಮಿಠಾಯಿಯನ್ನು ಎದುರಾಳಿಗೆ ಮಾರದೆ ಹಿಂದಿರುಗಿಸಿ ತನ್ನ ಪ್ರಾಮಾಣಿಕತೆ ತೋರಿಸುತ್ತಾನೆ. ಪುಸ್ತಕದಲ್ಲಿ ಟೂತ್‌ಪೇಸ್ಟ್ ಕಾರ್ಖಾನೆಯಲ್ಲಿ ದುಡಿಯುವ ಚಾರ್ಲಿಯ ತಂದೆ ಚಿತ್ರದಲ್ಲಿ ಇಲ್ಲವೇ ಇಲ್ಲ. ಪುಸ್ತಕದ ಬೀಜ ಸುಲಿಯುವ ಅಳಿಲುಗಳನ್ನು ತೆರೆಗೆ ತರುವುದು ಕಷ್ಟವೆಂದು ಚಿನ್ನದ ಮೊಟ್ಟೆಯಿಡುವ ಹೆಬ್ಬಾತುಗಳನ್ನು ತಂದರು. ಲೆಸ್ಲಿ ಬ್ರಿಕಸ್ ಮತ್ತು ಆಂಥೊನಿ ನ್ಯೂಲಿ ಹೊಸ ಹಾಡುಗಳನ್ನು ಕಟ್ಟಿದರು. ಇದಾವುದೂ ಡಾಲ್ ಅವರಿಗೆ ಹಿಡಿಸಲಿಲ್ಲ. ವೊಂಕಾ ಪಾತ್ರಕ್ಕೆ ಅವರು ಬಯಸಿದ್ದು ಹಾಸ್ಯನಟ ಸ್ಪೈಕ್ ಮಿಲಿಗನ್ ಅವರನ್ನು. ಚಾರ್ಲಿಗಿಂತ ವೊಂಕಾನೇ ದೊಡ್ಡವನಾದದ್ದೂ ಅವರಿಗೆ ಬೇಸರ ತಂದಿತು. ಕಾದಂಬರಿಯ ಮುಂದಿನ ಭಾಗವನ್ನು ಚಿತ್ರ ಮಾಡಲು ಅವರು ಕೊನೆಯವರೆಗೂ ಹಕ್ಕು ಕೊಡಲಿಲ್ಲ.

1971ರ ಜೂನ್ 30ರಂದು ಅಮೆರಿಕದಲ್ಲಿ ತೆರೆಕಂಡ ಚಿತ್ರಕ್ಕೆ ವಿಮರ್ಶಕರು ಒಲಿದರು. ರೋಜರ್ ಎಬರ್ಟ್ ಪೂರ್ಣ ನಾಲ್ಕು ನಕ್ಷತ್ರ ಕೊಟ್ಟರು. ಪ್ರೇಕ್ಷಕರು ಮಾತ್ರ ಹೆಚ್ಚು ಬರಲಿಲ್ಲ, ಗಳಿಕೆ ಸುಮಾರು 40 ಲಕ್ಷ ಡಾಲರಿಗೆ ನಿಂತಿತು. ಚಿತ್ರಕ್ಕಿಂತ ಮೊದಲು ಅದರ ಒಂದು ಹಾಡು ಜನಪ್ರಿಯವಾಯಿತು. ಸ್ಯಾಮಿ ಡೇವಿಸ್ ಜೂನಿಯರ್ ಹಾಡಿದ 'ದ ಕ್ಯಾಂಡಿ ಮ್ಯಾನ್' ಧ್ವನಿಮುದ್ರಿಕೆ 1972ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವಿತರಣೆ ಮಾಡಿದ್ದ ಪ್ಯಾರಾಮೌಂಟ್ ತನ್ನ ಹಕ್ಕನ್ನು ಮುಂದುವರಿಸಲಿಲ್ಲ. ಕ್ವೇಕರ್ ಓಟ್ಸ್ 1977ರಲ್ಲಿ ತನ್ನ ಪಾಲನ್ನು 5 ಲಕ್ಷ ಡಾಲರಿಗೆ ವಾರ್ನರ್ ಬ್ರದರ್ಸ್‌ಗೆ ಮಾರಿತು.

ಚಿತ್ರಕ್ಕೆ ಮರುಜೀವ ಕೊಟ್ಟದ್ದು ಟಿ.ವಿ. ಹಬ್ಬ-ರಜೆಗಳಲ್ಲಿ ಮತ್ತೆ ಮತ್ತೆ ಪ್ರಸಾರವಾಗುತ್ತ, 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟಾಗಿ ಮನೆ ಸೇರುತ್ತ ಅದು ಒಂದು ಇಡೀ ತಲೆಮಾರಿನ ಬಾಲ್ಯದ ಭಾಗವಾಯಿತು. ಸುರಂಗದಲ್ಲಿ ದೋಣಿ ಸಾಗುವ ಭಯಂಕರ ದೃಶ್ಯಕ್ಕೆ ಹೆದರಿದ ಮಕ್ಕಳೇ ಮುಂದೆ ಅದನ್ನು ತಮ್ಮ ಮಕ್ಕಳಿಗೆ ತೋರಿಸಿದರು. 'ದ ವಿಜರ್ಡ್ ಆಫ್ ಆಜ್' ನಡೆದದ್ದೂ ಇದೇ ದಾರಿಯಲ್ಲಿ. 1939ರ ಆ ಚಿತ್ರ ಮೊದಲ ಬಿಡುಗಡೆಯಲ್ಲಿ ಲಾಭ ತರಲಿಲ್ಲ, 1956ರಿಂದ ಟಿ.ವಿ.ಯಲ್ಲಿ ಬಂದ ಮೇಲೆ ಮನೆಮಾತಾಯಿತು. 1985ರಲ್ಲಿ ವಾಲ್ಟರ್ ಮರ್ಚ್ 'ರಿಟರ್ನ್ ಟು ಆಜ್' ತೆಗೆದಾಗ ಅದು ಎಲ್. ಫ್ರಾಂಕ್ ಬಾಮ್ ಅವರ ಪುಸ್ತಕಗಳ ಧಾಟಿಗೆ ಹತ್ತಿರವಿತ್ತು. ಆದರೆ ಪ್ರೇಕ್ಷಕರು ಹುಡುಕಿದ್ದು ಹಳೆಯ ಚಿತ್ರದ ಹಾಡು ಮತ್ತು ಲವಲವಿಕೆಯನ್ನು. ಅವು ಸಿಗದ್ದರಿಂದ ಚಿತ್ರ ಸೋತಿತು. ಪುಸ್ತಕಕ್ಕೆ ನಿಷ್ಠೆ ತೋರಿದರೆ ಸಾಲದು, ಬಾಲ್ಯದಲ್ಲಿ ಕಂಡ ಚಿತ್ರಕ್ಕೂ ಉತ್ತರ ಹೇಳಬೇಕು ಎಂಬ ಪಾಠ ವೊಂಕಾ ರೀಮೇಕಿಗೆ ಇಪ್ಪತ್ತು ವರ್ಷ ಮೊದಲೇ ಸಿಕ್ಕಿತ್ತು.

ಡಾಲ್ 1990ರಲ್ಲಿ ತೀರಿಕೊಂಡರು. 1998ರಲ್ಲಿ ವಾರ್ನರ್ ಬ್ರದರ್ಸ್ ಕಾದಂಬರಿಯನ್ನು ಹೊಸದಾಗಿ ಚಿತ್ರ ಮಾಡುವ ಹಕ್ಕು ಪಡೆದಾಗ, ನಿರ್ದೇಶಕರು, ಬರಹಗಾರರು, ನಟರ ಆಯ್ಕೆಗೆ ಅವರ ಕುಟುಂಬದ ಒಪ್ಪಿಗೆ ಬೇಕೆಂಬ ಕರಾರು ಇತ್ತು. ಹಲವು ನಿರ್ದೇಶಕರ ಹೆಸರು ಬಂದುಹೋದ ಮೇಲೆ 2003ರಲ್ಲಿ ಕೆಲಸ ಬರ್ಟನ್ ಅವರ ಕೈಗೆ ಬಂತು. ತಾವು ಮಾಡುವುದು ಹಳೆಯ ಚಿತ್ರದ ರೀಮೇಕ್ ಅಲ್ಲ, ಪುಸ್ತಕದ ಹೊಸ ರೂಪ ಎಂಬುದು ಅವರ ನಿಲುವು. ಜಾನ್ ಆಗಸ್ಟ್ ಬರೆದ ಚಿತ್ರಕಥೆಯಲ್ಲಿ ಟೂತ್‌ಪೇಸ್ಟ್ ಕಾರ್ಖಾನೆಯ ತಂದೆ ಮರಳಿ ಬಂದ. ತರಬೇತಿ ಕೊಟ್ಟ ನಿಜವಾದ ಅಳಿಲುಗಳು ಬಂದವು. ಡ್ಯಾನಿ ಎಲ್ಫ್‌ಮನ್ ಡಾಲ್ ಅವರ ಪದ್ಯಗಳಿಗೇ ರಾಗ ಹಾಕಿದರು. ಮೊದಲ ಚಿತ್ರ ಕೈಬಿಟ್ಟಿದ್ದ ಭಾರತದ ಪ್ರಸಂಗವೂ ಇಲ್ಲಿ ತೆರೆಗೆ ಬಂತು: ಚಾಕೊಲೇಟಿನಿಂದಲೇ ಅರಮನೆ ಕಟ್ಟಿಸಿಕೊಂಡು, ಬಿಸಿಲಿಗೆ ಅದು ಕರಗಿಹೋಗುವುದನ್ನು ನೋಡುವ ರಾಜಕುಮಾರ ಪಾಂಡಿಚೆರಿಯ ಪಾತ್ರವನ್ನು ಭಾರತೀಯ ಮೂಲದ ಬ್ರಿಟಿಷ್ ನಟ ನಿತಿನ್ ಗಣಾತ್ರಾ ಮಾಡಿದರು. ಸುಮಾರು 15 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಸುಮಾರು 47 ಕೋಟಿ ಡಾಲರ್ ಗಳಿಸಿತು.

ಪ್ರೇಕ್ಷಕರು ಒಡೆದದ್ದು ಮುಖ್ಯವಾಗಿ ವೊಂಕಾನ ಪಾತ್ರದ ಮೇಲೆ. ವೈಲ್ಡರ್ ಅವರ ವೊಂಕಾ ತುಂಟ, ಅಪಾಯಕಾರಿ, ಆದರೂ ಒಳಗೆ ಮಕ್ಕಳ ಮೇಲೆ ಅಕ್ಕರೆಯಿರುವ ಹಿರಿಯ. ಜಾನಿ ಡೆಪ್ ಅವರ ವೊಂಕಾ ಬಿಳಿಚಿಕೊಂಡ ಮುಖದ, ಕೈಗವಸು ತೆಗೆಯದ, 'ತಂದೆತಾಯಿ' ಎಂಬ ಮಾತನ್ನೇ ಸಲೀಸಾಗಿ ಆಡಲಾಗದ ಒಂಟಿ ಮನುಷ್ಯ. ಹಲವರಿಗೆ ಅವನಲ್ಲಿ ಗಾಯಕ ಮೈಕಲ್ ಜಾಕ್ಸನ್ ಅವರ ಛಾಯೆ ಕಂಡಿತು, ಡೆಪ್ ಅದನ್ನು ಅಲ್ಲಗಳೆದರು. ಎರಡನೆಯ ಆಕ್ಷೇಪ ವೊಂಕಾನ ಹಿನ್ನೆಲೆಯದು. ಮಗನಿಗೆ ಸಿಹಿ ತಿನ್ನಗೊಡದ ದಂತವೈದ್ಯ ತಂದೆಯ ಕಥೆ ಪುಸ್ತಕದಲ್ಲಿಲ್ಲ. ಪುಸ್ತಕಕ್ಕೆ ಮರಳುತ್ತೇವೆಂದ ಚಿತ್ರವೇ ಅದನ್ನು ಸೇರಿಸಿದ್ದು ಪುಸ್ತಕಪ್ರಿಯರಿಗೂ ಸರಿಬರಲಿಲ್ಲ. ನಿಗೂಢತೆಯೇ ಜೀವವಾಗಿರುವ ಪಾತ್ರಕ್ಕೆ ಕಾರಣ ಹಚ್ಚಿದರೆ ಅದು ಕುಗ್ಗುತ್ತದೆ ಎಂಬುದು ಅವರ ವಾದ. ಮೆಚ್ಚಿದವರ ವಾದವೂ ಗಟ್ಟಿಯಾಗಿತ್ತು. ಫ್ರೆಡ್ಡಿ ಹೈಮೋರ್ ಅವರ ಚಾರ್ಲಿ, ವಾಲಿದ ಮನೆಯ ಬಡತನ, ಅಳಿಲುಗಳ ಕೋಣೆ, ಡಾಲ್ ಬರಹದ ಕಹಿ ಹಾಸ್ಯ ಇವು ಹಳೆಯ ಚಿತ್ರಕ್ಕಿಂತ ಇಲ್ಲಿ ನಿಖರವಾಗಿವೆ ಎಂದು ಅವರು ಹೇಳಿದರು. ವೈಲ್ಡರ್ 2013ರಲ್ಲಿ ನ್ಯೂಯಾರ್ಕಿನ ಸಂವಾದವೊಂದರಲ್ಲಿ ಹೊಸ ಚಿತ್ರವನ್ನು ಅವಮಾನವೆಂದೇ ಕರೆದರು. ಹಳೆಯ ಚಿತ್ರದ ಅಭಿಮಾನಿಗಳಿಗೆ ಅದು ಬಲವಾದ ಸಾಕ್ಷ್ಯವಾಯಿತು.

ಕಾರ್ಖಾನೆಯ ಕೆಲಸಗಾರರಾದ ಊಂಪಾ-ಲೂಂಪಾಗಳ ಕುರಿತ ವಾದ ಈ ಎರಡು ಆಕ್ಷೇಪಗಳಿಗಿಂತ ಹಳೆಯದು. ಮೊದಲ ಆವೃತ್ತಿಯಲ್ಲಿ ಅವರು ಆಫ್ರಿಕದ ಕಾಡಿನಿಂದ ತಂದ ಕುಳ್ಳ ಜನ. ಗುಲಾಮಗಿರಿಯ ನೆನಪು ತರುವ ಈ ಚಿತ್ರಣಕ್ಕೆ ಅಮೆರಿಕದ ಕರಿಯ ಜನರ ಸಂಘಟನೆಯಾದ ಎನ್‌ಎಎಸಿಪಿಯಿಂದ ಆಕ್ಷೇಪ ಬಂತು. ಅದಕ್ಕಾಗಿ 1971ರ ಚಿತ್ರ ಅವರಿಗೆ ಕಿತ್ತಳೆ ಬಣ್ಣದ ಮುಖ, ಹಸಿರು ಕೂದಲು ಕೊಟ್ಟಿತು. 1973ರ ಪರಿಷ್ಕೃತ ಆವೃತ್ತಿಯಲ್ಲಿ ಡಾಲ್ ಕೂಡ ಅವರ ರೂಪ, ಮೂಲ ಎರಡನ್ನೂ ಬದಲಿಸಿದರು. 2005ರ ಚಿತ್ರದಲ್ಲಿ, ನೈರೋಬಿಯ ಭಾರತೀಯ ಕುಟುಂಬದಲ್ಲಿ ಹುಟ್ಟಿದ ನಟ ದೀಪ್ ರಾಯ್ ಒಬ್ಬರೇ 165 ಊಂಪಾ-ಲೂಂಪಾಗಳಾಗಿ ನಟಿಸಿದರು. ಅವರ ಶ್ರಮವನ್ನು ಎಲ್ಲರೂ ಹೊಗಳಿದರು. ಆದರೆ ವೊಂಕಾ ಕಾಡಿಗೆ ಹೋಗಿ ಕೂಲಿಗಳನ್ನು ಕರೆತರುವ ದೃಶ್ಯದಲ್ಲಿ ವಸಾಹತುಶಾಹಿಯ ಹಳೆಯ ನೆರಳು ಉಳಿದಿದೆ ಎಂಬ ಟೀಕೆ ತಪ್ಪಲಿಲ್ಲ.

ಮುಂದಿನ ವರ್ಷಗಳು ಹಳೆಯ ಚಿತ್ರದ ಸ್ಥಾನವನ್ನು ಇನ್ನಷ್ಟು ಭದ್ರಪಡಿಸಿದವು. 2013ರಲ್ಲಿ ಲಂಡನ್ನಿನಲ್ಲಿ ಆರಂಭವಾದ, ಇದೇ ಕಥೆಯ ಸಂಗೀತ ನಾಟಕಕ್ಕೆ ಹೊಸ ಹಾಡುಗಳಿದ್ದರೂ 1971ರ ಚಿತ್ರದ 'ಪ್ಯೂರ್ ಇಮ್ಯಾಜಿನೇಶನ್' ಸೇರಿಕೊಂಡಿತು. 2014ರಲ್ಲಿ ಆ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಆಯ್ಕೆಯಾಯಿತು. 2023ರ ಡಿಸೆಂಬರಿನಲ್ಲಿ ಪಾಲ್ ಕಿಂಗ್ ನಿರ್ದೇಶನದ 'ವೊಂಕಾ' ಬಂದಾಗ ಪ್ರೇಕ್ಷಕರ ತೀರ್ಪನ್ನು ಸ್ಟುಡಿಯೊ ಹೇಗೆ ಓದಿಕೊಂಡಿದೆ ಎಂಬುದು ಸ್ಪಷ್ಟವಾಯಿತು. ವೊಂಕಾನ ಯೌವನದ ಕಥೆ ಹೇಳುವ ಈ ಚಿತ್ರದಲ್ಲಿ ದಂತವೈದ್ಯ ತಂದೆಯಿಲ್ಲ. ಊಂಪಾ-ಲೂಂಪಾಗೆ ಮತ್ತೆ ಕಿತ್ತಳೆ ಮುಖ, ಹಸಿರು ಕೂದಲು. ಹಳೆಯ ಹಾಡುಗಳೂ ಮರಳಿದವು. 63 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ ಇದಕ್ಕೂ ವಿವಾದ ತಪ್ಪಲಿಲ್ಲ. ಎತ್ತರದ ನಟ ಹ್ಯೂ ಗ್ರಾಂಟ್ ಅವರನ್ನು ಕಂಪ್ಯೂಟರಿನಲ್ಲಿ ಕುಳ್ಳಗಾಗಿಸಿದ್ದರಿಂದ ತಮ್ಮ ಅವಕಾಶ ಹೋಯಿತೆಂದು ಕುಬ್ಜ ದೇಹದ ನಟರು ದೂರಿದರು.

ಹೀಗೆ 2005ರ ಚಿತ್ರ ವ್ಯಾಪಾರದಲ್ಲಿ ಗೆದ್ದರೂ ಪರಂಪರೆಯಲ್ಲಿ ಪಕ್ಕಕ್ಕೆ ಸರಿಯಿತು. ಈ ತೀರ್ಪು ಅಂತಿಮವೇನಲ್ಲ. 2005ರಲ್ಲಿ ಹತ್ತು ವರ್ಷದವರಾಗಿದ್ದ ಪ್ರೇಕ್ಷಕರು 2023ರ ಹೊತ್ತಿಗೆ ಮೂವತ್ತರ ಸಮೀಪದಲ್ಲಿದ್ದರು. ಅವರಲ್ಲಿ ಅನೇಕರು ಮೊದಲು ನೋಡಿದ್ದು ಡೆಪ್ ಅವರ ವೊಂಕಾನನ್ನು, ವೈಲ್ಡರ್ ಅವರ ವೊಂಕಾನನ್ನು ಕಂಡದ್ದು ಆಮೇಲೆ. ಕುಟುಂಬ ಸಮೇತ ನೋಡುವ ಅದ್ಭುತ ಕಥೆಗಳಲ್ಲಿ ಪ್ರೇಕ್ಷಕರಿಗೆ 'ಮೂಲ' ಎನಿಸುವುದು ಮೊದಲು ತಯಾರಾದ ಚಿತ್ರವಲ್ಲ, ಅವರು ಮೊದಲು ನೋಡಿದ ಚಿತ್ರ. 1971ರ ಚಿತ್ರ ಆ ಸ್ಥಾನ ಗಳಿಸಲು ಟಿ.ವಿ. ಮತ್ತು ಕ್ಯಾಸೆಟ್ಟುಗಳ ಮೂರು ದಶಕ ಬೇಕಾಯಿತು.